‘ಇರಲಿ’ಗೆ ಗುಂಡಿ ಇರಲಿಲ್ಲ

ಪುರಾವೆ ಮೇಷ್ಟ್ರ ಮನೆ ಯಾವುದು ಎಂದು ಬಸ್ ನಿಲ್ದಾಣದಲ್ಲಿ ಯಾರನ್ನು ಕೇಳಿದರೂ ಕೈ ಮಾಡಿ ತೋರಿಸುತ್ತಾರೆ. ತೋರಿಸುವಾಗ ತುಟಿಯಂಚಿನಲ್ಲಿ ಒಂದು ನಗು ಸುಳಿಯುತ್ತದೆ. ಮೇಷ್ಟ್ರು ಅದನ್ನು ಗೌರವದ ನಗು ಎಂದು ತಿಳಿದಿದ್ದಾರೆ. ಅದಕ್ಕೆ ಪುರಾವೆಯೇನು ಎಂದು ಅವರನ್ನು ಇದುವರೆಗೆ ಯಾರೂ ಕೇಳಿಲ್ಲ.

ಕೇಳಬೇಕಿತ್ತು. ಏಕೆಂದರೆ ಅವರು ಎಲ್ಲರಿಗೂ ಎಲ್ಲದಕ್ಕೂ ಹಾಕುವುದು ಅದೇ ಪ್ರಶ್ನೆ. ತರಕಾರಿಯವಳು ‘ಇವತ್ತೇ ಕಿತ್ತ ಬೀನ್ಸು’ ಎಂದರೆ ‘ಪುರಾವೆ?’ ಎನ್ನುತ್ತಾರೆ. ಪಕ್ಕದ ಮನೆಯವರು ‘ಈ ಸಲ ಸೆಕೆ ಜಾಸ್ತಿ’ ಎಂದರೆ, ಯಾವ ಸಲಕ್ಕೆ ಹೋಲಿಸಿ ಎನ್ನುತ್ತಾರೆ. ಮದುವೆಯಾದ ಹೊಸತರಲ್ಲಿ ಹೆಂಡತಿ ‘ನೀವಂದ್ರೆ ನಂಗೆ ತುಂಬಾ ಇಷ್ಟ’ ಎಂದಾಗಲೂ ಆ ಪದ ನಾಲಿಗೆಯ ತುದಿಗೆ ಬಂದಿತ್ತಂತೆ. ನುಂಗಿಕೊಂಡರು, ಸಂಸಾರ ಉಳಿಯಿತು.

ವಿಶ್ವವಿದ್ಯಾಲಯದಲ್ಲಿ ಅವರದು ಸಂಶೋಧನೆಯ ಕೆಲಸ. ಕಾಡುಪ್ರಾಣಿಗಳನ್ನು ಉಳಿಸುವುದಕ್ಕೆಂದು ಜನ ಮಾಡುವ ನಾನಾ ಉಪಾಯಗಳಲ್ಲಿ ಯಾವುದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಯಾವುದು ಬರೀ ಮನಸ್ಸಿನ ಸಮಾಧಾನಕ್ಕೆ ಎಂದು ಪರೀಕ್ಷೆ ಮಾಡಿ ನೋಡುವುದು ಅದರಲ್ಲಿ ಅರ್ಧ. ಉಪಯೋಗಕ್ಕೆ ಬರುವ ಉಪಾಯವನ್ನು ಊರಿನ ಜನ ಒಪ್ಪುತ್ತಾರೋ ಇಲ್ಲವೋ ಎಂದು ತಿಳಿಯುವುದು ಉಳಿದರ್ಧ. ಇಷ್ಟನ್ನೂ ಸೇರಿಸಿ ಅವರ ವಿಭಾಗಕ್ಕೆ ಹೆಸರಿಟ್ಟವರು ಯಾರೋ ಸಮಾಸಪ್ರಿಯರು. ಹೆಸರಿನ ಹಲಗೆ ಬಾಗಿಲಿಗಿಂತ ಅಗಲವಾಗಿ, ಅದನ್ನು ಪಕ್ಕದ ಗೋಡೆಗೆ ಹೊಡೆಯಬೇಕಾಯಿತು. ಮನೆಗೆ ಬಂದವರು ‘ಮಗ ಏನು ಮಾಡ್ತಾನೆ?’ ಎಂದು ಕೇಳಿದರೆ ಮೇಷ್ಟ್ರ ತಾಯಿ ಆ ಸಮಾಸದ ತಂಟೆಗೆ ಹೋಗುವುದಿಲ್ಲ.

“ಪ್ರಾಣಿಗಳ ಬಗ್ಗೆ ಜನರನ್ನ ಕೇಳ್ಕೊಂಡು ಓಡಾಡ್ತಾನಮ್ಮ. ಜನರ ಬಗ್ಗೆ ಪ್ರಾಣಿಗಳನ್ನ ಕೇಳಿದ್ರೆ ಇನ್ನೂ ಬೇಗ ಮುಗೀತಿತ್ತು.”

ಮೂರನೇ ಮಹಡಿಯ ಅವರ ಕೋಣೆ ಚಿಕ್ಕದು. ಕಿಟಕಿಯಿಂದ ಕಾಣುವುದು ಸೈಕಲ್ ಸ್ಟ್ಯಾಂಡಿನ ತಗಡು ಮಾಡು. ಕಬ್ಬಿಣದ ಬೀರುವಿನ ಮೇಲೆ ಒಂದು ತಲೆಬುರುಡೆ, ಒಣಗಿದ ಹಿಕ್ಕೆ ತುಂಬಿದ ಗಾಜಿನ ಡಬ್ಬಿ, ಅದರ ಪಕ್ಕದಲ್ಲೇ ಅಂಥದೇ ಡಬ್ಬಿಯಲ್ಲಿ ಕಾಫಿ ಪುಡಿ. ಯಾವುದು ಯಾವುದೆಂದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತು. ಆದರೂ ಅವರ ಕೋಣೆಯಲ್ಲಿ ಕಾಫಿ ಕುಡಿಯಲು ಸಹೋದ್ಯೋಗಿಗಳು ಒಪ್ಪುವುದಿಲ್ಲ. ಸಾಮಾಜಿಕ ಒಪ್ಪಿಗೆಯ ವಿಷಯದಲ್ಲಿ ಮೇಷ್ಟ್ರ ಮೊದಲ ಸೋಲು ಅಲ್ಲೇ ಇತ್ತು. ಅವರು ಅದನ್ನು ಎಲ್ಲೂ ಪ್ರಕಟಿಸಿಲ್ಲ.

ತಲೆಬುರುಡೆಯೂ ಹಿಕ್ಕೆಯೂ ನೀರುನಾಯಿಯವು. ಹೆಸರಿನಲ್ಲಿ ನಾಯಿ ಇದ್ದರೂ ಅದು ನಾಯಿಯಲ್ಲ. ಉದ್ದ ಮೈ, ಚಪ್ಪಟೆ ತಲೆ, ಹಿರಿಯ ಗುಮಾಸ್ತರಿಗಿರುವಂಥ ಮೀಸೆ, ನೀರಿನಲ್ಲಿ ಎಣ್ಣೆಯ ಹಾಗೆ ಜಾರುವ ಪ್ರಾಣಿ. ಊರ ಅಂಚಿನ ಕಾಲುವೆಯಲ್ಲಿ ಅವುಗಳದೊಂದು ಸಂಸಾರ ಬಂದು ನೆಲಸಿತ್ತು. ಕಾಲುವೆಯ ಒಂದು ದಡದಲ್ಲಿ ಊರು, ಇನ್ನೊಂದು ದಡದಲ್ಲಿ ಮೀನು ಸಾಕುವವರ ಕೊಳಗಳು. ನೀರುನಾಯಿಗೆ ಮೀನು ಇಷ್ಟ. ಓಡಿಹೋಗಲು ಜಾಗವಿಲ್ಲದ ಮೀನು ಇನ್ನೂ ಇಷ್ಟ. ಜಗಳಕ್ಕೆ ಇನ್ನೇನು ಬೇಕು?

ಮೇಷ್ಟ್ರು ರಂಗಕ್ಕಿಳಿದರು. ಅವರ ತಲೆಯಲ್ಲಿ ಒಂದು ಉಪಾಯ ಆಗಲೇ ಸಿದ್ಧವಾಗಿತ್ತು: ಕೊಳದ ಸುತ್ತ ಮಿಟುಕುವ ದೀಪ. ನೀರುನಾಯಿ ಬೆದರಿ ಓಡುತ್ತದೆ, ಕೊಳವೂ ಚೆಂದ ಕಾಣುತ್ತದೆ. ಪತ್ರಿಕೆಯವರು ದೀಪ ಹಿಡಿದ ಮೇಷ್ಟ್ರ ಚಿತ್ರ ಹಾಕಿದ್ದರು. ತಾಯಿ ಅದನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದ್ದರು. ಇನ್ನೊಂದು ಉಪಾಯ ಮಾಮೂಲಿನದು, ಪತ್ರಿಕೆಯವರ ಕಣ್ಣಿಗೆ ಬೀಳದಂಥದು: ಮೊಳಕಾಲೆತ್ತರದ ತಂತಿ ಬೇಲಿ, ಬುಡ ಮಣ್ಣಿನಲ್ಲಿ ಹೂತು, ತಲೆ ಹೊರಗಡೆಗೆ ಬಾಗಿ.

ಯಾವುದು ನಿಜಕ್ಕೂ ತಡೆಯುತ್ತದೆ ಎಂದು ತಿಳಿಯಬೇಕಾದರೆ ಕೆಲವರಿಗೆ ದೀಪ, ಕೆಲವರಿಗೆ ಬೇಲಿ, ಕೆಲವರಿಗೆ ಏನೂ ಇಲ್ಲ. ಯಾರಿಗೆ ಯಾವುದೆಂದು ಚೀಟಿ ಎತ್ತಬೇಕು. ಇಲ್ಲದಿದ್ದರೆ ಬೇಕಾದವರಿಗೆ ಬೇಕಾದ್ದು ಕೊಟ್ಟ ಹಾಗಾಗುತ್ತದೆ. ಮೇಷ್ಟ್ರು ಇದನ್ನು ಕೊಳದವರಿಗೆ ಹಲಗೆಯ ಮೇಲೆ ಬರೆದು ವಿವರಿಸಿದರು. ಸಾಲಾಗಿ ಏಳು ಕೊಳ ಇಟ್ಟುಕೊಂಡಿದ್ದ ಯಜಮಾನರೊಬ್ಬರು, ಊರವರ ಬಾಯಲ್ಲಿ ‘ಏಳು ಕೊಳ’ ಎಂದೇ ಹೆಸರಾದವರು, ಎದ್ದು ನಿಂತರು.

“ಅಷ್ಟು ಓದಿ ಚೀಟಿ ಎತ್ತೋದಾ ಮೇಷ್ಟ್ರೇ? ಅದನ್ನ ನಮ್ಮನೆ ಮಕ್ಕಳೂ ಮಾಡ್ತಾವೆ.”

“ಮಕ್ಕಳು ಆಟಕ್ಕೆ ಮಾಡ್ತಾರೆ. ನಾವು ವಿಧಾನಕ್ಕೆ ಮಾಡ್ತೀವಿ.”

“ಯಾರು ಮಾಡಿದ್ರೂ ನನಗೆ ಬೇಲಿ ಬಂದ್ರೆ ಸರಿ.”

ಅವರಿಗೆ ಬಂದದ್ದು ದೀಪ. ಏಳೂ ಕೊಳಕ್ಕೆ ದೀಪ.

ಒಂದು ಮಳೆಗಾಲ, ಒಂದು ಚಳಿಗಾಲ ಕಳೆದ ಮೇಲೆ ಲೆಕ್ಕ ಹೊರಬಿತ್ತು. ಬೇಲಿಯ ಕೊಳಗಳಲ್ಲಿ ಮೀನು ಉಳಿದಿದ್ದವು. ದೀಪದ ಕೊಳಗಳಲ್ಲಿ, ಏನೂ ಇಲ್ಲದ ಕೊಳಗಳಲ್ಲಿ ಹೋದಷ್ಟೇ ಹೋಗಿದ್ದವು. ಏಳು ಕೊಳದವರಲ್ಲಿ ಒಂದು ಹಿಡಿ ಜಾಸ್ತಿಯೇ.

“ದೀಪ ಹಾಕಿದ್ಮೇಲೆ ಅವಕ್ಕೆ ಮುಳ್ಳು ಬಿಡಿಸಿ ತಿನ್ನೋದಕ್ಕೆ ಅನುಕೂಲ ಆಗಿದೆ ಮೇಷ್ಟ್ರೇ,” ಎಂದರು ಯಜಮಾನರು, ನಗದೆ.

ಮೇಷ್ಟ್ರಿಗೆ ಮುಖಭಂಗವಾಯಿತು, ನಿಜ. ಆದರೆ ಅವರ ಬಗ್ಗೆ ಒಂದು ಮಾತು ಹೇಳಲೇಬೇಕು: ದೀಪ ದಂಡ ಎಂದು ಅವರೇ, ಸ್ವಂತ ಕೈಯಿಂದ, ವರದಿಯ ಮೊದಲ ಪುಟದಲ್ಲೇ ಬರೆದರು. ಬರೆದ ದಿನ ಮನೆಗೆ ಬಂದು ಫ್ರಿಜ್ಜಿನ ಮೇಲಿದ್ದ ಚಿತ್ರ ಕಿತ್ತರು. ತಾಯಿ ಮರುದಿನ ಅದನ್ನು ಕಸದ ಬುಟ್ಟಿಯಿಂದ ತೆಗೆದು, ಸುಕ್ಕು ಬಿಡಿಸಿ, ಮತ್ತೆ ಅಂಟಿಸಿದರು. “ದೀಪ ಕೆಟ್ಟಿರಬಹುದು, ಮುಖ ಚೆನ್ನಾಗಿ ಬಂದಿದೆ,” ಎಂದರು.

ಇಲ್ಲಿಗೆ ಅರ್ಧ ಕೆಲಸ ಮುಗಿದಿತ್ತು. ಉಳಿದರ್ಧವನ್ನು ಮೇಷ್ಟ್ರ ಮುಂದೆ ಇಟ್ಟವರು ಪುರಸಭೆಯ ಅಧ್ಯಕ್ಷೆ. ಕಬ್ಬಿಣದ ಸಾಮಾನಿನ ಅಂಗಡಿ ನಡೆಸಿ ಪಳಗಿದ ಹೆಂಗಸು. ಮಾತನ್ನೂ ಮೊಳೆಯಂತೆ ಆರಿಸಿ, ಒಂದೇ ಏಟಿಗೆ ಹೊಡೆಯುವವರು. ಸದಸ್ಯರಲ್ಲಿ ಕೆಲವರು ನೀರುನಾಯಿಗಳನ್ನು ಬೋನಿಗೆ ಹಾಕಿ, ಮೇಲಿನ ಜಲಾಶಯಕ್ಕೆ ಸಾಗಿಸಿಬಿಡೋಣ ಎಂದು ಪಟ್ಟು ಹಿಡಿದಿದ್ದರು. ಮೇಷ್ಟ್ರು ಓದಿದ ವರದಿಗಳ ಪ್ರಕಾರ ಹಾಗೆ ಸಾಗಿಸಿದವು ಹೊಸ ಜಾಗದಲ್ಲಿ ಬದುಕಿ ಉಳಿಯುವುದು ಕಷ್ಟ, ಖಾಲಿಯಾದ ಕಾಲುವೆಗೆ ಬೇರೆಯವು ಬರುವುದು ಸುಲಭ. ಅಧ್ಯಕ್ಷೆ ಎಲ್ಲ ಕೇಳಿಸಿಕೊಂಡರು.

“ಬೇಲಿ ಕೆಲಸ ಮಾಡುತ್ತೆ ಅಂತೀರಿ, ಒಪ್ದೆ. ಎಲ್ಲಾ ಕೊಳಕ್ಕೂ ಪುರಸಭೆಯೇ ಹಾಕಿಸಬೇಕು, ಅದೂ ಸರಿ. ಆದ್ರೆ ಊರಿಗೆ ಆ ಪ್ರಾಣಿ ಬೇಕೇ ಇಲ್ಲ ಅಂದ್ರೆ ಬೇಲಿ ಯಾರಿಗೋಸ್ಕರ? ಜನ ಏನಂತಾರೆ ಕೇಳ್ಕೊಂಡು ಬನ್ನಿ.”

ಕೇಳುವುದರಲ್ಲಿ ತಮ್ಮನ್ನು ಮೀರಿಸಿದವರಿಲ್ಲ ಎಂದು ಮೇಷ್ಟ್ರ ನಂಬಿಕೆ. ದೂರದ ದೇಶದ ಪಂಡಿತರು ಬಳಸಿ ಸೈ ಎನಿಸಿಕೊಂಡ ಪ್ರಶ್ನಾವಳಿಯೊಂದನ್ನು ತಾವೇ ಕನ್ನಡಕ್ಕೆ ತಂದರು. ವಿಭಾಗದ ಹುಡುಗರು ಮನೆಮನೆಗೆ ಹೋಗಿ ಫೋನಿನಲ್ಲಿ ಉತ್ತರ ಒತ್ತುವ ವ್ಯವಸ್ಥೆ ಮಾಡಿಸಿದರು. ‘ನಮ್ಮ ಕಾಲುವೆಯಲ್ಲಿ ನೀರುನಾಯಿ ಇರುವುದು ನಿಮಗೆ—’ ಎಂಬ ಪ್ರಶ್ನೆಗೆ ಮೂರು ಗುಂಡಿ: ಬೇಕು, ಬೇಡ, ಗೊತ್ತಿಲ್ಲ. ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಶಿಷ್ಯೆ, ಒಳ್ಳೆಯ ಹುಡುಗಿ, ನಾಲ್ಕನೆಯದೊಂದು ಗುಂಡಿ ಇದ್ದರೆ ಒಳ್ಳೆಯದಿತ್ತೇನೋ ಎಂದಿದ್ದಳು.

“ಬೇಡಮ್ಮ. ನಾಲ್ಕನೇದು ಇಟ್ರೆ ಜನ ಹೋಗಿ ಅದರಲ್ಲೇ ಮಲಗಿಬಿಡ್ತಾರೆ,” ಎಂದಿದ್ದರು ಮೇಷ್ಟ್ರು. “ಬೇಕೂ ಅಲ್ಲ, ಬೇಡವೂ ಅಲ್ಲ ಅಂದ್ರೆ ಗೊತ್ತಿಲ್ಲ ಅಂತಲೇ ಅರ್ಥ. ತರ್ಕ.”

ಉತ್ತರಗಳು ಬಂದವು. ‘ಬೇಕು’ ಸ್ವಲ್ಪ. ‘ಬೇಡ’ ಅದಕ್ಕಿಂತ ಸ್ವಲ್ಪ ಜಾಸ್ತಿ. ಅರ್ಧಕ್ಕೂ ಹೆಚ್ಚು ಊರು ‘ಗೊತ್ತಿಲ್ಲ’. ಅಧ್ಯಕ್ಷೆ ಹಾಳೆ ನೋಡಿ ಕನ್ನಡಕ ತೆಗೆದರು.

“ಅರ್ಧ ಊರಿಗೆ ಗೊತ್ತಿಲ್ಲ. ಗೊತ್ತಿದ್ದವರಲ್ಲಿ ಬೇಡ ಅನ್ನೋರೇ ಜಾಸ್ತಿ. ಲೆಕ್ಕ ನಿಮ್ಮದೇ ಮೇಷ್ಟ್ರೇ. ಮುಂದಿನ ವಾರ ಸಭೆ. ಬೋನಿನ ವಿಷಯ ಮುಗಿಸಿಬಿಡೋಣ.”

ಮೇಷ್ಟ್ರು ಹಾಳೆ ಮಡಚಿಕೊಂಡು ಮೆಟ್ಟಿಲಿಳಿದರು. ಎರಡು ವರ್ಷ ಹಿಂಬಾಲಿಸಿದ ಪ್ರಾಣಿಗಳು. ದಡದ ಯಾವ ಕಲ್ಲಿನ ಮೇಲೆ ಯಾವುದು ಕೂತು ಮೈ ಒಣಗಿಸಿಕೊಳ್ಳುತ್ತದೆ ಎಂದು ಅವರಿಗೆ ಗೊತ್ತಿತ್ತು. ಹಿರಿಯದೊಂದು ಹೆಣ್ಣು, ಎಡಗಿವಿ ಹರಿದದ್ದು, ಅವರು ಹೊರಟರೆ ಅದೂ ನೀರಿನಲ್ಲಿ ಸ್ವಲ್ಪ ದೂರ ಜೊತೆಗೆ ಬರುತ್ತಿತ್ತು. ಅವರನ್ನು ಬೀಳ್ಕೊಡುವುದಕ್ಕೋ, ಹೋದರೆಂದು ಖಚಿತ ಮಾಡಿಕೊಳ್ಳುವುದಕ್ಕೋ ಹೇಳಲಾಗದು. ಅವನ್ನೆಲ್ಲ ಇನ್ನೊಂದು ವಾರದಲ್ಲಿ ಬೋನಿಗೆ ತುಂಬುವುದಕ್ಕೆ ಅವರದೇ ಹಾಳೆ ಅಪ್ಪಣೆಯಾಗಲಿತ್ತು.

ಕೋಣೆಯಲ್ಲಿ ಶಿಷ್ಯೆ ಕಾದಿದ್ದಳು.

“ಜನಕ್ಕೆ ಕಾಲುವೇಲಿ ಏನಿದೆ ಅಂತಲೇ ಗೊತ್ತಿಲ್ವಲ್ಲಮ್ಮ.”

“ಗೊತ್ತು ಸರ್. ತುಂಬಾ ಜನ ‘ಇರಲಿ’ ಅಂದ್ರು. ‘ಇರಲಿ’ಗೆ ಗುಂಡಿ ಇರಲಿಲ್ಲ. ನೀವೇ ಹೇಳಿದ್ರಲ್ಲ, ತರ್ಕ ಅಂತ. ಅದಕ್ಕೇ ಗೊತ್ತಿಲ್ಲ ಒತ್ತಿದ್ವಿ.”

“ಇರಲಿ ಅನ್ನೋದು ಒಂದು ಉತ್ತರನಾ?” ಎಂದು ಮೇಷ್ಟ್ರು ಸಿಡುಕಿದರು. “ಅದು ಮಾತು ಮುಗಿಸೋ ವಿಧಾನ.”

ಸಂಜೆ ಊಟಕ್ಕೆ ಕೂತಾಗಲೂ ಮುಖ ಊದಿಕೊಂಡೇ ಇತ್ತು. ಹೆಂಡತಿ ಹಲ್ಲಿನ ಡಾಕ್ಟರು. ಮುಖದ ಊತ ನೋಡಿದರೆ ಕಾರಣ ಎಲ್ಲಿದೆ ಎಂದು ಹೇಳುವುದು ಅವರ ಕಸುಬು.

“ಇನ್ನೊಂದು ಸ್ವಲ್ಪ ಹಾಕ್ಲಾ?” ಎಂದರು, ಸೌಟು ಎತ್ತಿ.

“ಇರಲಿ.”

ಹಾಕಿದರು.

“ಇರಲಿ ಅಂದ್ನಲ್ಲೇ!”

“ಇರಲಿ ಅಂದ್ರೆ ಬೇಕು ಅಂತನಾ ಬೇಡ ಅಂತನಾ?”

“ಅದು... ಹೇಳೋ ರೀತಿ ಮೇಲಿದೆ. ಈಗ ಬೇಡ ಅಂತ.”

“ನಿನ್ನೆ ಇದೇ ‘ಇರಲಿ’ಗೆ ಹಾಕ್ದಾಗ ಸುಮ್ನೆ ತಿಂದ್ನಲ್ಲಮ್ಮ,” ಎಂದರು ತಾಯಿ ಸೊಸೆಗೆ.

ಮೇಷ್ಟ್ರು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಅಂದು ನಡೆದದ್ದನ್ನೆಲ್ಲ ಹೇಳಿದರು. ಹೆಂಡತಿ ಪೂರ್ತಿ ಕೇಳಿದರು. ಹಲ್ಲಿನ ಡಾಕ್ಟರಿಗೆ ಎದುರಿನವರ ಬಾಯಿ ತೆರೆದಿರುವಾಗ ತಾವು ತಾಳ್ಮೆಯಿಂದಿರುವುದು ಅಭ್ಯಾಸ.

“ರೀ, ನಾನು ದಿನಾ ಕೇಳ್ತೀನಿ, ‘ಈ ಹಲ್ಲು ಕೀಳೋಣವಾ?’ ಅಂತ. ಹತ್ತರಲ್ಲಿ ಆರು ಜನ ‘ಇರಲಿ ಡಾಕ್ಟ್ರೇ’ ಅಂತಾರೆ. ‘ಇವರಿಗೆ ಗೊತ್ತಿಲ್ಲ’ ಅಂತ ಬರ್ಕೊಂಡು ಕಿತ್ತುಬಿಡ್ಲಾ?”

ಮೇಷ್ಟ್ರು ಸರಿಸಿದ್ದ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡರು.

“ಕಿತ್ರೆ ಏನಾಗುತ್ತೆ ಹೇಳಿ? ಹಲ್ಲೂ ಹೋಯ್ತು, ಅವರೂ ಹೋದ್ರು. ‘ಇರಲಿ’ ಅಂದ್ರೆ, ನೋವಿದೆ, ಆದ್ರೂ ನನ್ನದೇ ಹಲ್ಲು, ಇನ್ನೊಂದಷ್ಟು ದಿನ ಜೊತೇಲಿ ಇರುತ್ತೆ ಅಂತ. ಕೆಲವರಿಗೆ ಹೆದರಿಕೆ, ಕೆಲವರಿಗೆ ಸೋಮಾರಿತನ. ಎಲ್ಲಾ ಒಂದೇ ಇರಲಿ ಅಲ್ಲ.”

“ಯಾವುದು ಯಾವುದು ಅಂತ ನಿನಗೆ ಹೇಗೆ ಗೊತ್ತಾಗುತ್ತೆ?”

“ಇರಲಿ ಅಂದ್ಮೇಲೆ ನಾನು ಸುಮ್ನೆ ಕೈ ತೊಳ್ಕೋತಾ ನಿಂತಿರ್ತೀನಿ. ಉಳಿದದ್ದು ಅವರೇ ಹೇಳ್ತಾರೆ. ನಿಮ್ಮ ಹುಡುಗರು ಇರಲಿ ಅಂದ ತಕ್ಷಣ ಗುಂಡಿ ಒತ್ತಿ ಪಕ್ಕದ ಮನೆಗೆ ಓಡಿರ್ತಾರೆ.”

ಮೇಷ್ಟ್ರು ತಟ್ಟೆಯಲ್ಲಿದ್ದುದನ್ನು ಒಂದಗುಳೂ ಬಿಡದೆ ತಿಂದು ಎದ್ದರು. ತಾವೇ ಮಾಡಿಸಿದ ಗುಂಡಿಗೆ ತಾವೇ ಬಿದ್ದಿದ್ದೇವೆ ಎಂದು ಅವರಿಗೆ ಮನವರಿಕೆಯಾಗಿತ್ತು. ಮೇಲೆ ಬರುವುದಕ್ಕೆ ಒಂದು ವಾರವಿತ್ತು.

ಮರುದಿನದಿಂದ ಗುರು ಶಿಷ್ಯೆ ಇಬ್ಬರೂ ಮತ್ತೆ ಅದೇ ಬೀದಿಗಳಿಗೆ ಇಳಿದರು. ಫೋನು ಜೇಬಿನಲ್ಲಿ. ಪ್ರಶ್ನೆ ಒಂದೇ: ನೀರುನಾಯಿ ವಿಷಯ ಏನಂತೀರಿ? ‘ಇರಲಿ’ ಎಂದರೆ ಬಾಯಿ ಮುಚ್ಚಿಕೊಂಡು ನಿಲ್ಲುವುದು. ಕೇಳಲು ಸುಲಭ, ಆದರೆ ಬಾಯಿ ಮುಚ್ಚಿಕೊಂಡು ನಿಲ್ಲುವ ವಿದ್ಯೆಯನ್ನು ಮೇಷ್ಟ್ರು ಯಾವ ತರಗತಿಯಲ್ಲೂ ಕಲಿತಿರಲಿಲ್ಲ, ಕಲಿಸಿಯೂ ಇರಲಿಲ್ಲ. ಮೊದಲ ನಾಲ್ಕಾರು ಮನೆಗಳಲ್ಲಿ ತಡೆಯಲಾರದೆ ‘ಅಂದರೆ ತಾವು ಹೇಳುವುದು...’ ಎಂದು ಶುರು ಮಾಡಿಬಿಟ್ಟರು. ಆಮೇಲೆ ಶಿಷ್ಯೆ ಒಂದು ಪೆಪ್ಪರಮಿಂಟು ಕೊಟ್ಟು, “ಇದು ಕರಗೋ ತನಕ ಮಾತಾಡ್ಬೇಡಿ ಸರ್,” ಎಂದಳು. ಅಲ್ಲಿಂದ ಕೆಲಸ ಸಾಗಿತು.

ಕ್ಷೌರದಂಗಡಿಯವನು ಮೇಷ್ಟ್ರನ್ನು ಕುರ್ಚಿಯಲ್ಲಿ ಕೂರಿಸಿಯೇ ಉತ್ತರ ಕೊಟ್ಟ.

“ಇರಲಿ ಬಿಡಿ ಸಾರ್.”

ಕತ್ತರಿ ಒಂದಷ್ಟು ಹೊತ್ತು ಕಚಕಚ ಎಂದಿತು.

“ನನ್ನ ಮಗಳು ಸೇತುವೆ ಮೇಲೆ ನಿಂತು ಅವನ್ನೇ ನೋಡ್ತಾ ದಿನಾ ಶಾಲೆಗೆ ತಡ ಮಾಡ್ತಾಳೆ. ಬೈತೀನಿ. ಬೈಯೋಕೆ ಹೋಗಿ ನಾನೂ ನಿಂತುಬಿಡ್ತೀನಿ. ಆದ್ರೆ ನನಗೇನು ಸಾರ್, ನನ್ನ ಕೊಳ ಅಲ್ಲವಲ್ಲ. ಕೊಳ ಇರೋರಿಗೆ ಏನಾದ್ರೂ ದಾರಿ ಮಾಡಿ.”

ಬೇಕರಿಯ ಹೆಂಗಸು, “ಇರಲಿ ಪಾಪ, ಅವಕ್ಕೂ ಮರಿಗಳಿವೆ,” ಎಂದು ಬ್ರೆಡ್ಡು ಕುಯ್ಯುತ್ತ ನಿಂತರು. ಮೇಷ್ಟ್ರ ಬಾಯಲ್ಲಿ ಪೆಪ್ಪರಮಿಂಟು ಕರಗುತ್ತಿತ್ತು. “ಆದ್ರೆ ಒಂದು ಮಾತು. ಕೊಳದವರಿಗೆ ನಷ್ಟ ಆದ್ರೆ ಮೀನಿನ ರೇಟು ಏರಿಸ್ತಾರೆ. ಕೊನೆಗೆ ನೀರುನಾಯಿ ತಿಂದ ಮೀನಿಗೆ ದುಡ್ಡು ಕೊಡೋಳು ನಾನು.”

ನಿವೃತ್ತ ರೈಲ್ವೆ ಗಾರ್ಡೊಬ್ಬರು, “ಇದ್ರೆ ಇರಲಿ, ಹೋದ್ರೆ ಹೋಗಲಿ,” ಎಂದು ಬಾಗಿಲು ಹಾಕಿಕೊಂಡರು. ಪೆಪ್ಪರಮಿಂಟು ಪೂರ್ತಿ ಕರಗಿದರೂ ಬಾಗಿಲು ತೆರೆಯಲಿಲ್ಲ. ಅದು ನಿಜವಾದ ‘ಗೊತ್ತಿಲ್ಲ’. ಊರಿನಲ್ಲಿ ಅಂಥವೂ ಇದ್ದವು.

ಕೊನೆಗೆ ಏಳು ಕೊಳದ ಯಜಮಾನರು. ದಡದ ಮೇಲೆ ಕುರ್ಚಿ ಹಾಕಿಕೊಂಡು ಬಲೆ ಹೆಣೆಯುತ್ತಿದ್ದರು. ದೀಪಗಳು ಇನ್ನೂ ಕಂಬದಲ್ಲೇ ಇದ್ದವು. ಒಂದರ ಮೇಲೆ ಅವರ ಪಂಚೆ ಒಣಗುತ್ತಿತ್ತು.

“ಇರಲಿ,” ಎಂದರು ಯಜಮಾನರು. ಬಲೆಯ ಒಂದು ಗಂಟು ಬಿಗಿದು, “ಇರಲಿ, ಇರಲಿ,” ಎಂದರು.

ಮೇಷ್ಟ್ರು ಕಾದರು.

“ಎಷ್ಟು ದಿನ ಇರ್ತಾವೆ, ನಾನೂ ನೋಡ್ತೀನಿ.”

ಬರುವ ದಾರಿಯಲ್ಲಿ ಶಿಷ್ಯೆ ಅದನ್ನು ಅಂದ ಹಾಗೇ ಬರೆದುಕೊಂಡಳು.

ಸಭೆಯ ಹಿಂದಿನ ದಿನ ಶಿಷ್ಯೆ ಲೆಕ್ಕ ಹಾಕಿ, ದುಂಡಗಿನ ಚಿತ್ರ ಬಿಡಿಸಿ, ಮೇಷ್ಟ್ರ ಮುಂದಿಟ್ಟಳು. ‘ಬೇಕು’ಗಳನ್ನೂ ‘ಇರಲಿ’ಗಳನ್ನೂ ಕೂಡಿಸಿ ಒಂದೇ ಹಸಿರು ಬಣ್ಣ. ಹಸಿರು ಮುಕ್ಕಾಲು ಪಾಲು ಆವರಿಸಿತ್ತು.

“ಸರ್, ಹೀಗೆ ತೋರಿಸಿದ್ರೆ ಗೆದ್ವಿ.”

ಮೇಷ್ಟ್ರು ಚಿತ್ರ ನೋಡಿದರು. ಹಸಿರು ಕಣ್ಣಿಗೆ ತಂಪಾಗಿತ್ತು. ಇಷ್ಟೇ ಸಾಕು, ಬೋನು ಬರುವುದಿಲ್ಲ, ಹರಿದ ಕಿವಿಯದು ಅದರ ಕಲ್ಲಿನ ಮೇಲೆ ಕೂತಿರುತ್ತದೆ. ಯಾರೂ ಕೇಳುವುದಿಲ್ಲ. ಕೇಳುವ ಅಭ್ಯಾಸವಿರುವ ಮನುಷ್ಯ ಊರಿಗೆಲ್ಲ ಅವರೊಬ್ಬರೇ. ಅದೇ ತೊಂದರೆಯಾಯಿತು. ಬೇರೆ ಯಾರೋ ಈ ಚಿತ್ರ ತಂದಿದ್ದರೆ ತಾವು ಏನೆನ್ನುತ್ತಿದ್ದೆವು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮೂರಕ್ಷರದ ಅದೇ ಪದ.

“ಬೇಕರಿಯಮ್ಮನ ಇರಲಿಯನ್ನೂ ಆ ಯಜಮಾನರ ಇರಲಿಯನ್ನೂ ಒಂದೇ ಡಬ್ಬಿಗೆ ಹಾಕೋಕಾಗುತ್ತಾ?” ಎಂದರು.

ಶಿಷ್ಯೆಯ ಕಣ್ಣು ಬೀರುವಿನ ಮೇಲಿದ್ದ ಎರಡು ಡಬ್ಬಿಗಳ ಕಡೆ ಹೋಯಿತು. “ಇಲ್ಲ ಸರ್,” ಎಂದು ಲ್ಯಾಪ್‌ಟಾಪ್ ಎಳೆದುಕೊಂಡಳು.

ಇಬ್ಬರೂ ಕೂತು ಮತ್ತೆ ವಿಂಗಡಿಸಿದರು. ‘ಇರಲಿ ಪಾಪ’ ಒಂದು ಕಡೆ. ‘ಇದ್ರೆ ಇರಲಿ’ ಒಂದು ಕಡೆ. ‘ಇರಲಿ, ಇರಲಿ’ ಕೆಂಪು ಬಣ್ಣದಲ್ಲಿ ಪ್ರತ್ಯೇಕ, ಪಕ್ಕದಲ್ಲಿ ‘ಬೆದರಿಕೆ’ ಎಂಬ ಟಿಪ್ಪಣಿ. ಎಲ್ಲಕ್ಕಿಂತ ದೊಡ್ಡ ಪಾಲು ‘ಇರಲಿ, ಆದ್ರೆ’ ಎಂಬುದಕ್ಕೆ ಬಂತು. ಆ ‘ಆದ್ರೆ’ಯ ಮುಂದೆ ಜನ ಹೇಳಿದ್ದು ಹೆಚ್ಚುಕಡಿಮೆ ಒಂದೇ ಮಾತು: ಕೊಳದವರ ಹೊಟ್ಟೆ ಮೇಲೆ ಹೊಡೆಯಬೇಡಿ. ಹಸಿರು ಕುಗ್ಗಿ ಕಾಲುಭಾಗಕ್ಕೆ ಇಳಿಯಿತು. ಗೆಲ್ಲುವ ಚಿತ್ರವಾಗಿ ಅದು ಕಾಣಲಿಲ್ಲ.

ಪುರಸಭೆಯ ಸಭಾಂಗಣದಲ್ಲಿ ಫ್ಯಾನು ಗರಗರ ಎನ್ನುತ್ತಿತ್ತು. ಮೈಕು ಮೇಷ್ಟ್ರ ಗದ್ದಕ್ಕೆ ಎಟುಕದೆ ಕುತ್ತಿಗೆ ಬಗ್ಗಿಸಬೇಕಾಯಿತು. ಹೇಗೂ ಬಗ್ಗಿದ್ದಾಗಿದೆ ಎಂದುಕೊಂಡು ಅವರು ತಪ್ಪೊಪ್ಪಿಗೆಯಿಂದಲೇ ಶುರು ಮಾಡಿದರು.

“ಹೋದ ಸಲ ಕೊಟ್ಟ ಲೆಕ್ಕ ತಪ್ಪು. ತಪ್ಪು ಜನರದಲ್ಲ, ಹುಡುಗರದೂ ಅಲ್ಲ. ‘ಇರಲಿ’ ಅಂದವರನ್ನೆಲ್ಲ ‘ಗೊತ್ತಿಲ್ಲ’ ಅಂತ ಬರೆಸಿದ್ದು ನಾನು.”

“ಅಂದ್ರೆ ಜನಕ್ಕೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ನಿಮಗೆ,” ಎಂದರು ಹಿಂದಿನ ಸಾಲಿನ ಸದಸ್ಯರೊಬ್ಬರು. ಸಭೆ ನಕ್ಕಿತು. ಮೇಷ್ಟ್ರು ಆ ನಗು ಇಳಿಯುವವರೆಗೆ ಕಾದರು. ಕಾಯುವುದು ಈ ವಾರದಲ್ಲಿ ಅವರಿಗೆ ಅಭ್ಯಾಸವಾಗಿತ್ತು.

“ಹೌದು,” ಎಂದರು. ಮತ್ತೆ ಚಿತ್ರ ತೋರಿಸಿ, ಒಂದೊಂದೇ ಬಣ್ಣ ವಿವರಿಸಿದರು. ಯಾರ ಹೆಸರನ್ನೂ ಹೇಳಲಿಲ್ಲ. ಆದರೆ ಕೆಂಪಿನ ಹತ್ತಿರ ಬಂದಾಗ, ಹಾಜರಿದ್ದ ಕೊಳದವರೆಲ್ಲ ಒಬ್ಬರ ಕಡೆಗೇ ತಿರುಗಿದರು.

ಅಧ್ಯಕ್ಷೆಯೂ ತಿರುಗಿದರು. “ಏನು ಯಜಮಾನರೇ, ಈ ಕೆಂಪು ಇರಲಿ ನಿಮ್ಮದಾ?”

ಏಳು ಕೊಳದವರು ಎದ್ದರು.

“ನಂದೇ ಮೇಡಂ. ಬೆದರಿಕೆ ಅಂತ ಬರೆದಿದಾರೆ. ಸರಿಯಾಗೇ ಬರೆದಿದಾರೆ.” ಒಂದು ಕ್ಷಣ ಚಿತ್ರವನ್ನೇ ನೋಡಿದರು. “ದೀಪ ಕೆಲಸಕ್ಕೆ ಬರಲ್ಲ ಅಂತ ನಾನು ಹೇಳಿದ್ದನ್ನ ಹೇಳಿದ ಹಾಗೇ ಮೇಷ್ಟ್ರು ಬರ್ಕೊಂಡ್ರು. ಅದು ಅವರದೇ ದೀಪ. ಮೊನ್ನೆ ನಾನು ಸಿಟ್ಟಲ್ಲಿ ಅಂದದ್ದನ್ನೂ ಅಂದ ಹಾಗೇ ಬರ್ಕೊಂಡಿದಾರೆ. ಈ ಬೋನು ಬೋನು ಅಂತಾರಲ್ಲ, ಅವರು ಬಂದು ನನ್ನನ್ನ ಏನೂ ಕೇಳಿಲ್ಲ. ಆದ್ದರಿಂದ ಇವರು ಬೇಲಿ ನಿಲ್ಲುತ್ತೆ ಅಂದ್ರೆ ನಿಲ್ಲುತ್ತೆ ಅಂತ ನಾನು ನಂಬ್ತೀನಿ. ನನಗೆ ಬೇಲಿ ಹಾಕಿಸಿಕೊಡಿ. ಕೆಂಪು ಅಳಿಸ್ಕೊಳ್ಳಲಿ.”

“ಇಷ್ಟೇನಾ?”

“ಇನ್ನೊಂದಿದೆ. ಈ ಸಲ ಚೀಟಿ ಎತ್ತಬಾರದು.”

ಸಭೆ ಮತ್ತೆ ನಕ್ಕಿತು. ಈ ಸಲ ಮೇಷ್ಟ್ರೂ ಸೇರಿಕೊಂಡರು. ಬೋನಿನ ಪರವಾಗಿದ್ದವರು ಒಂದಿಬ್ಬರು ಕೆಮ್ಮಿದರು, ಎದ್ದು ನಿಲ್ಲಲಿಲ್ಲ. ಅಧ್ಯಕ್ಷೆ ಕನ್ನಡಕ ಹಾಕಿಕೊಂಡು ಗುಮಾಸ್ತನ ಕಡೆ ನೋಡಿದರು.

“ಬರ್ಕೊಳಪ್ಪ. ಬೋನಿನ ವಿಷಯ ಕೈಬಿಟ್ಟಿದೆ. ಮಳೆಗೆ ಮುಂಚೆ ಎಲ್ಲಾ ಕೊಳಕ್ಕೂ ಬೇಲಿ. ತಂತಿ ನನ್ನ ಅಂಗಡಿಯಿಂದ ಬೇಡ, ಆಮೇಲೆ ಇವರು ಅದಕ್ಕೂ ಪುರಾವೆ ಕೇಳ್ತಾರೆ.”

ಮನೆಯಲ್ಲಿ ತಾಯಿ ಸುದ್ದಿ ಕೇಳಿ, “ಪತ್ರಿಕೆಯವರು ಬಂದಿದ್ರಾ?” ಎಂದರು. ಬಂದಿರಲಿಲ್ಲ. ಬೇಲಿಯ ಚಿತ್ರ ಚೆನ್ನಾಗಿ ಬರುವುದಿಲ್ಲ. ಹೆಂಡತಿ ಮಾತ್ರ, “ಇನ್ಮೇಲೆ ನನ್ನ ಕ್ಲಿನಿಕ್ಕಿಗೆ ಬಂದು ಕೂತ್ಕೊಂಡು ಪಾಠ ಕಲಿತ್ಕೊಂಡು ಹೋಗಿ. ಫೀಸಿಲ್ಲ,” ಎಂದರು.

ಸಂತೋಷ ಎರಡು ದಿನ ಪೂರ್ತಿಯಾಗಿತ್ತು. ಮೂರನೆಯ ದಿನ ಬೆಳಿಗ್ಗೆ ಹಲ್ಲುಜ್ಜುವಾಗ ಮೇಷ್ಟ್ರ ಕೈ ನಿಂತಿತು. ಎಲ್ಲ ಕೊಳಕ್ಕೂ ಬೇಲಿ ಬಂದರೆ, ಬೇಲಿಯಿಲ್ಲದ ಕೊಳ ಎಲ್ಲಿಂದ ಬರಬೇಕು? ಹೋಲಿಸುವುದು ಯಾವುದಕ್ಕೆ? ಇನ್ನೂ ಮುಂದುವರಿಯಬೇಕಿದ್ದ ಪರೀಕ್ಷೆಯನ್ನು ಮೇಷ್ಟ್ರು ಗೆದ್ದೇ ಹಾಳು ಮಾಡಿಕೊಂಡಿದ್ದರು. ಬಾಯಿ ತೊಳೆದವರೇ ಕಾಲುವೆಯ ಕಡೆ ನಡೆದರು.

ಏಳು ಕೊಳದವರಲ್ಲಿ ಕೆಲಸ ನಡೆಯುತ್ತಿತ್ತು. ಯಜಮಾನರು ಗೂಟ ಹುಗಿಯುವವರ ಮೇಲೆ ಕೂಗಾಡುತ್ತಿದ್ದರು.

“ಬೇಲಿ ತಲೆ ಹೊರಕ್ಕೆ ಬಾಗ್ಬೇಕು, ಹೊರಕ್ಕೆ! ಒಳಕ್ಕೆ ಬಾಗಿಸಿದ್ರೆ ನೀರುನಾಯಿ ಬರೋಕೆ ಮೆಟ್ಟಿಲು ಕಟ್ಟಿದ ಹಾಗೆ. ನಮಸ್ಕಾರ ಮೇಷ್ಟ್ರೇ.”

ಮೇಷ್ಟ್ರು ಸುತ್ತಿ ಬಳಸಿ ವಿಷಯಕ್ಕೆ ಬಂದರು. ವಿಜ್ಞಾನದ ಹಿತದೃಷ್ಟಿಯಿಂದ, ಒಂದೇ ಒಂದು ಕೊಳವನ್ನು, ಬೇಲಿಯಿಲ್ಲದೆ.

ಯಜಮಾನರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನಿಮ್ಮ ಮನೇಲಿ ಬಾಗಿಲಿಲ್ಲದ ಕೋಣೆ ಒಂದು ಬಿಟ್ಟಿದೀರಾ, ಕಳ್ಳರ ಹಿತದೃಷ್ಟಿಯಿಂದ?”

“ಅದು ಬೇರೆ.”

“ಬೇರೆಯೇನಲ್ಲ.” ಆದರೂ ಒಂದು ಗಳಿಗೆ ಯೋಚಿಸಿ ಮೂಲೆಯ ಕಡೆ ಕೈ ತೋರಿಸಿದರು. “ಅದನ್ನ ತಗೊಳ್ಳಿ.”

“ಅದರಲ್ಲಿ ಪಾಚಿ ಬಿಟ್ರೆ ಏನೂ ಇಲ್ವಲ್ಲ ಯಜಮಾನರೇ!”

“ಅದಕ್ಕೇ ಕೊಡ್ತಿರೋದು.”

ಅಷ್ಟರಲ್ಲಿ ಕಾಲುವೆಯ ಆಚೆ ದಡದಲ್ಲಿ ನೀರು ಕದಡಿತು. ಚಪ್ಪಟೆ ತಲೆಯೊಂದು ಎದ್ದಿತು, ಅದರ ಹಿಂದೆ ಎರಡು ಚಿಕ್ಕವು. ಎಡಗಿವಿ ಹರಿದ ತಾಯಿ ಕಲ್ಲು ಹತ್ತಿ, ಮೈ ಕೊಡವಿ, ಮಲಗಿ ಹೊರಳಿತು. ಗೂಟ ಹುಗಿಯುವವರು ಸುತ್ತಿಗೆ ಇಳಿಸಿದರು. ಯಜಮಾನರು ಅವರಿಗೆ ಬೈಯುವುದಕ್ಕೆಂದು ಬಾಯಿ ತೆರೆದವರು ಹಾಗೇ ನಿಂತರು.

“ನೋಡಿ ಮೇಷ್ಟ್ರೇ, ಹೊಟ್ಟೆ ಹೇಗೆ ಬೆಳೆಸಿದೆ,” ಎಂದರು ಕಡೆಗೆ. “ಈ ಕಾಲುವೆ ಮೀನು ತಿಂದ್ರೆ ಆ ಮೈ ಬರಲ್ಲ. ಅದೆಲ್ಲಾ ನನ್ನ ಮೀನು.”

ದೂರಿನ ಮಾತೇ. ಆದರೆ ಹೇಳಿದ ರೀತಿ, ಮಗಳ ಮನೆಯಲ್ಲಿ ಮೊಮ್ಮಗನನ್ನು ಎತ್ತಿಕೊಂಡು, ಇವನ ಮೈಕಟ್ಟು ನಮ್ಮ ಕಡೆಯದು ಎನ್ನುವ ತಾತನ ರೀತಿ.

ಇದನ್ನು ಯಾವ ಬಣ್ಣಕ್ಕೆ ಸೇರಿಸುವುದು ಎಂದು ಮೇಷ್ಟ್ರಿಗೆ ಹೊಳೆಯಲಿಲ್ಲ. ಹೊಳೆಯುವವರೆಗೆ ಸುಮ್ಮನೆ ನಿಲ್ಲುವುದೇಕೆಂದು ಗೂಟವೊಂದನ್ನು ನೆಟ್ಟಗೆ ಹಿಡಿದುಕೊಂಡರು.

“ಹೊರಕ್ಕೆ ಬಾಗಿಸಿ ಮೇಷ್ಟ್ರೇ,” ಎಂದರು ಯಜಮಾನರು. “ನೀವೇ ಬರೆದಿದ್ದು.”